ಒಂದು ಹನಿ ರಕ್ತ, ಹನ್ನೊಂದೂವರೆ ವರ್ಷದ ಓದು

(ಕಲಬುರಗಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ನರ್ಸ್‌ಗಳು ಮತ್ತು ಪೋಷಕರ ಎದುರು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ಶರಣು.

ಇವತ್ತು ಜೇಬಿನಲ್ಲಿ ಒಂದು ಗಾಜಿನ ಸ್ಲೈಡು ಇಟ್ಟುಕೊಂಡು ಬಂದಿದ್ದೇನೆ. ಮುಂದಿನ ಸಾಲಿನವರಿಗೆ ಕಾಣಿಸುತ್ತಿರಬಹುದು. ಬೆರಳುದ್ದದ ಗಾಜು. ಬೆಲೆ ಒಂದು ಕಪ್ ಚಹಾಕ್ಕಿಂತ ಕಡಿಮೆ. ನಡುವೆ ನೇರಳೆ ಬಣ್ಣದ ಮಬ್ಬು ಕಲೆ ಇದೆ ನೋಡಿ. ಅದು ಒಂದು ಹನಿ ರಕ್ತ, ಆರು ವರ್ಷದ ಒಬ್ಬ ಹುಡುಗನದ್ದು. ಅವನ ಹೆಸರು, ಊರು ಹೇಳುವುದಿಲ್ಲ.

ಆಗ ನಾನು ಮಕ್ಕಳ ವಿಭಾಗದಲ್ಲಿ ಕಿರಿಯ ಡಾಕ್ಟರ್. ಅವರವ್ವ ಕೂಸನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಿದ್ದಳು. ಆರು ವರ್ಷದ ಹುಡುಗ ಸೊಂಟದ ಮೇಲೆ ಯಾಕಿದ್ದಾನೆ ಅಂತ ನನಗೆ ಅವತ್ತು ಹೊಳೆಯಲಿಲ್ಲ. "ಕಾಲ್ ಬ್ಯಾನಿ ಅಂತದ್ರೀ ಕೂಸು. ರಾತ್ರಿ ಎದ್ದು ಅಳ್ತದ. ಮೈಯಾಗ ರಕ್ತ ಇಲ್ರೀ, ಟಾನಿಕ್ ಬರದ್ ಕೊಡ್ರಿ" ಅಂದಳು. ಅದಕ್ಕೂ ಮೊದಲು ಬೇರೆ ಕಡೆ ಯಾರೋ ಕೀಲುನೋವು ಅಂತ ಸ್ಟೀರಾಯ್ಡ್ ಗುಳಿಗೆ ಕೊಟ್ಟಿದ್ದರು. ಎರಡು ವಾರ ನೋವು ಹೋಯಿತು, ಜ್ವರ ಹೋಯಿತು, ಮನೆಯವರಿಗೆ ಸಮಾಧಾನ ಆಯಿತು. ಆಮೇಲೆ ಎಲ್ಲ ವಾಪಸ್ ಬಂತು. ನಾನೂ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಕಬ್ಬಿಣದ ಟಾನಿಕ್ ಬರೆದುಕೊಟ್ಟೆ. ಮೂರನೇ ಸಲ ಬಂದಾಗ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಒಬ್ಬರು ಬಾಗಿಲ ತನಕ ಬಂದು, "ಡಾಕ್ಟ್ರೇ, ಒಮ್ಮಿ ಒಳಗ ಬಂದು ನೋಡ್ರಿ" ಅಂದರು.

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ದೊಡ್ಡ ದೊಡ್ಡ ಕಣಗಳು. ಒಂದೊಂದರಲ್ಲೂ ನಡುವಿನ ಬೀಜವೇ (ನ್ಯೂಕ್ಲಿಯಸ್) ಪೂರ್ತಿ ಜಾಗ ತುಂಬಿಕೊಂಡಿದೆ, ಸುತ್ತ ಒಂದೆಳೆ ನೀಲಿ ಅಂಚು ಅಷ್ಟೇ. ಬ್ಲಾಸ್ಟ್ ಕಣಗಳು, ಅಂದರೆ ಬಲಿಯದ ರಕ್ತಕಣಗಳು. ಪ್ಲೇಟ್‌ಲೆಟ್ ಹುಡುಕಿದರೂ ಸಿಗಲಿಲ್ಲ. ರಕ್ತದ ಕ್ಯಾನ್ಸರ್. ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ಆದರೆ ನನ್ನೆದುರು ಮೂರು ಸಲ ಬಂದು ಕೂತಿದ್ದ ಮಗುವಿನಲ್ಲಿ ಅದು ನನಗೆ ಕಾಣಲಿಲ್ಲ.

ಆ ಹುಡುಗ ಉಳಿಯಲಿಲ್ಲ. ದೂರದ ಊರಿನ ದೊಡ್ಡ ದವಾಖಾನೆಯಲ್ಲಿ ಚಿಕಿತ್ಸೆ ಶುರುವಾಯಿತು. ಮೈ ಚೇತರಿಸಿಕೊಂಡಿತು. ಕೆಲವು ತಿಂಗಳಾದ ಮೇಲೆ ಅಪ್ಪ ಕೆಲಸ ಹುಡುಕಿ ಗುಳೆ ಹೋದ, ಕೂಸನ್ನು ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ, ಚಿಕಿತ್ಸೆ ನಿಂತಿತು. ಈ ಸ್ಲೈಡು ನನ್ನ ಹತ್ತಿರವೇ ಉಳಿಯಿತು. ನಾನು ಈ ವಿಷಯವನ್ನೇ ಹಿಡಿದು ಮುಂದೆ ಓದಿದ್ದು ಇದರಿಂದಲೇ.

ಇವತ್ತು ನಾನು ಹೇಳೋದು ಒಂದೇ ಮಾತು. ಮಕ್ಕಳ ಕ್ಯಾನ್ಸರಿಗೆ ಔಷಧ ಇದೆ, ಅದೂ ಹಳೆಯ ಔಷಧ. ನಮ್ಮ ಕಡೆ ಕೊರತೆ ಇರೋದು ಪಳಗಿದ ಕೈಗಳದ್ದು.

ಔಷಧ ಎಷ್ಟು ಹಳೆಯದು ಗೊತ್ತಾ? 1920ರ ದಶಕದ ಕೊನೆಗೆ ಲೂಸಿ ವಿಲ್ಸ್ ಅನ್ನುವ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಿಗೆ ಯಾಕೆ ಇಷ್ಟೊಂದು ರಕ್ತಹೀನತೆ ಅಂತ ಹುಡುಕಿದರು. ಈಸ್ಟಿನಲ್ಲಿರುವ ಯಾವುದೋ ಒಂದು ಅಂಶ ಅವರ ರಕ್ತವನ್ನು ಸರಿಮಾಡುತ್ತದೆ ಅಂತ ಕಂಡುಕೊಂಡರು. ಅದನ್ನೇ ನಾವೀಗ ಫೋಲಿಕ್ ಆಸಿಡ್ ಅಂತೀವಿ. ನಮ್ಮ ಆಶಾ ಅಕ್ಕಂದಿರು ಬಸುರಿಯರಿಗೆ ಹಂಚುವ ಗುಳಿಗೆಯಲ್ಲಿ ಇರುವುದು ಅದೇ. ಆಮೇಲೆ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಈ ಫೋಲಿಕ್ ಆಸಿಡ್‌ಗೆ ಅಡ್ಡಗಾಲು ಹಾಕುವ ಔಷಧಗಳನ್ನು ತಮ್ಮ ತಂಡದ ಜೊತೆ ತಯಾರಿಸಿದರು. ರಕ್ತ ಬೆಳೆಯೋಕೆ ಫೋಲಿಕ್ ಆಸಿಡ್ ಬೇಕು ಅಂದರೆ, ಹದ್ದುಮೀರಿ ಬೆಳೆಯುವ ಕ್ಯಾನ್ಸರ್ ಕಣಕ್ಕೂ ಅದು ಬೇಕು. ಅದನ್ನು ತಡೆದರೆ? ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಆ ಔಷಧವನ್ನು 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ರೋಗ ಸ್ವಲ್ಪ ಕಾಲ ಹಿಂದೆ ಸರಿಯಿತು. ಅದು 1948. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. ಅಲ್ಲಿಯವರೆಗೆ ಈ ಮಕ್ಕಳಿಗೆ ಯಾರ ಬಳಿಯೂ ಏನೂ ಇರಲಿಲ್ಲ.

ಇನ್ನೊಂದು ಔಷಧ ವಿನ್‌ಕ್ರಿಸ್ಟಿನ್. ನಮ್ಮ ಅಂಗಳದಲ್ಲಿ ನೀರು ಹಾಕದಿದ್ದರೂ ಬದುಕುವ, ವರ್ಷವಿಡೀ ಗುಲಾಬಿ, ಬಿಳಿ ಹೂ ಬಿಡುವ ನಿತ್ಯಪುಷ್ಪದ ಗಿಡ ಇದೆಯಲ್ಲ, ಅದರಿಂದ ಬಂದದ್ದು. ಇವು, ಜೊತೆಗೆ ಸ್ಟೀರಾಯ್ಡ್, 6-ಮರ್ಕ್ಯಾಪ್ಟೋಪ್ಯೂರಿನ್, ಆಸ್ಪರಾಜಿನೇಸ್. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರಿಗೆ ಇಂದಿಗೂ ಬೆನ್ನೆಲುಬು ಇವೇ. ಎಲ್ಲವೂ ನನ್ನ ವಯಸ್ಸಿಗಿಂತ ಹಳೆಯವು.

ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ 100ರಲ್ಲಿ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ 30 ಮಕ್ಕಳೂ ಇಲ್ಲ. ರೋಗ ಅದೇ, ಔಷಧ ಹೆಚ್ಚುಕಮ್ಮಿ ಅದೇ.

ನಮ್ಮ ದೇಶದ್ದೇ ಉದಾಹರಣೆ ಇದೆ. 1984ರಲ್ಲಿ ಮುಂಬೈಯ ಟಾಟಾ ಆಸ್ಪತ್ರೆ, ದೆಹಲಿಯ ಏಮ್ಸ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಸೇರಿ ಲ್ಯುಕೇಮಿಯಾಕ್ಕೆ ಒಂದೇ ಕ್ರಮದ ಚಿಕಿತ್ಸೆ ಹಿಡಿದವು. ಎಂಸಿಪಿ-841 ಅಂತ ಅದರ ಹೆಸರು. ಅದಕ್ಕೂ ಮೊದಲು 100ರಲ್ಲಿ ಸುಮಾರು 20 ಮಕ್ಕಳು ಉಳಿಯುತ್ತಿದ್ದರು. ಆಮೇಲೆ ಆ ಸಂಖ್ಯೆ 45ರಿಂದ 60ಕ್ಕೆ ಏರಿತು. ಹೊಸ ಮಾಯದ ಗುಳಿಗೆ ಏನೂ ಬಂದಿರಲಿಲ್ಲ. ಯಾವ ದಿನ ಯಾವ ಔಷಧ, ಸೋಂಕು ಬಂದರೆ ಏನು, ಎಷ್ಟು ರಕ್ತ ತಯಾರಿರಬೇಕು ಅನ್ನೋದನ್ನು ಒಂದು ತಂಡ ಕೂತು ಗಟ್ಟಿಮಾಡಿಕೊಂಡಿತು. ತರಬೇತಿ ಅಂದರೆ ಇದು.

ಹಾಗಾದರೆ ಮಕ್ಕಳ ಕ್ಯಾನ್ಸರಿನ ಒಬ್ಬ ತಜ್ಞರನ್ನು ತಯಾರಿಸೋದು ಅಂದರೆ ಏನು? ಲೆಕ್ಕ ಸುಲಭ. ಎಂಬಿಬಿಎಸ್ ಐದೂವರೆ ವರ್ಷ, ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂಡಿ ಮೂರು ವರ್ಷ, ಆಮೇಲೆ ಡಿಎಂ ಅನ್ನುವ ಅದರ ಮೇಲಿನ ತಜ್ಞ ಪದವಿಗೆ ಇನ್ನೂ ಮೂರು. ಇಲ್ಲವೇ ಎರಡು ವರ್ಷದ ಫೆಲೋಶಿಪ್. ಪ್ರವೇಶ ಪರೀಕ್ಷೆಗೆ ಕೂತ ವರ್ಷಗಳನ್ನು ಬಿಟ್ಟರೂ ಹನ್ನೊಂದೂವರೆ ವರ್ಷ. ಸಮಯದ ಲೆಕ್ಕ ಇಷ್ಟೇ. ಆ ವರ್ಷಗಳಲ್ಲಿ ಕೈ ಏನು ಕಲಿಯುತ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆನ್ನಿನ ನೀರು ತೆಗೆಯೋದನ್ನೇ ತಗೊಳ್ಳಿ. ಲ್ಯುಕೇಮಿಯಾದ ಕಣಗಳು ಮೆದುಳಿನ ಸುತ್ತಲ ನೀರಿನಲ್ಲಿ ಅಡಗಿ ಕೂರುತ್ತವೆ. ರಕ್ತನಾಳಕ್ಕೆ ಹಾಕಿದ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಬೆನ್ನುಮೂಳೆಗಳ ಸಂದಿನಲ್ಲಿ ತೆಳುವಾದ ಸೂಜಿ ಇಟ್ಟು, ಹನಿಹನಿ ನೀರು ತೆಗೆದು, ಔಷಧ ಹಾಕಬೇಕು. ನಮ್ಮ ಕಡೆ "ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವ" ಅನ್ನುವ ಭಯ ಜಾಸ್ತಿ. ಆ ಭಯಕ್ಕೆ ನಗಬೇಡಿ, ಬೈಯಬೇಡಿ. ಸೂಜಿ ಹೋಗುವ ಜಾಗಕ್ಕಿಂತ ಮೇಲೆಯೇ ಬೆನ್ನುಹುರಿ ಮುಗಿದಿರುತ್ತದೆ ಅನ್ನೋದನ್ನು ಅಜ್ಜಿಗೂ ತಿಳಿಯುವ ಹಾಗೆ ಕಾಗದದ ಮೇಲೆ ಗೀಚಿ ತೋರಿಸಿ. ಆಮೇಲೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ತಾಗುವ ಹಾಗೆ ಬಾಗಿಸಿ ಹಿಡಿಯಬೇಕು. ಸೂಜಿ ಹಿಡಿದವರಿಗಿಂತ ಮಗುವನ್ನು ಹಿಡಿದ ನರ್ಸಿನ ಕೌಶಲವೇ ಇಲ್ಲಿ ಮುಖ್ಯ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಹಿಡಿತ ಸರಿ ಇಲ್ಲದಿದ್ದರೆ ನೀರಿಗೆ ರಕ್ತ ಬೆರೆಯುತ್ತದೆ. ಮೊದಲ ಸಲವೇ ಹಾಗಾದರೆ ರಕ್ತದಲ್ಲಿರುವ ಕ್ಯಾನ್ಸರ್ ಕಣಗಳನ್ನು ನಾವೇ ಒಳಗೆ ಸಾಗಿಸಿದ ಹಾಗೆ.

ಇನ್ನು ಡೋಸು. ಮಕ್ಕಳಿಗೆ ಬಹಳಷ್ಟು ಕೀಮೋ ಔಷಧಗಳನ್ನು ಮೈಯ ವಿಸ್ತಾರ ಲೆಕ್ಕಹಾಕಿ ಕೊಡುತ್ತೇವೆ. ಆದರೆ ಬೆನ್ನಿಗೆ ಹಾಕುವ, ಫೋಲಿಕ್ ಆಸಿಡ್ ತಡೆಯುವ ಅದೇ ಗುಂಪಿನ ಔಷಧವಾದ ಮೆಥೊಟ್ರೆಕ್ಸೇಟ್‌ಗೆ ಆ ಲೆಕ್ಕ ಇಲ್ಲ. ಅದು ವಯಸ್ಸಿನ ಮೇಲೆ. ಯಾಕೆ? ಮಗುವಿನ ಮೆದುಳು ಮೈಗಿಂತ ಬೇಗ ಬೆಳೆಯುತ್ತದೆ. ಮೂರು ವರ್ಷದ ಮಗುವಿನಲ್ಲಿ ಮೆದುಳಿನ ಸುತ್ತಲ ನೀರು ಹೆಚ್ಚುಕಮ್ಮಿ ದೊಡ್ಡವರಷ್ಟೇ ಇರುತ್ತದೆ. ಮೈ ನೋಡಿ ಡೋಸು ಹಾಕಿದರೆ ಚಿಕ್ಕ ಮಗುವಿಗೆ ಕಡಿಮೆ ಬೀಳುತ್ತದೆ, ದೊಡ್ಡ ಹುಡುಗನಿಗೆ ಜಾಸ್ತಿ ಆಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಒಂದಿದೆ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಬೇಕು. ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ. ಅದು ತಪ್ಪಿ ಬೆನ್ನಿಗೆ ಹೋದರೆ ಮಗು ಉಳಿಯುವುದು ಬಹಳ ಬಹಳ ಅಪರೂಪ. ಒಂದೇ ದಿನ ಒಂದೇ ಮಗುವಿಗೆ ಎರಡೂ ಇರುತ್ತವೆ, ಬೆನ್ನಿಗೆ ಮೆಥೊಟ್ರೆಕ್ಸೇಟ್, ರಕ್ತನಾಳಕ್ಕೆ ವಿನ್‌ಕ್ರಿಸ್ಟಿನ್. ಎರಡೂ ಸಿರಿಂಜು ಒಂದೇ ಟ್ರೇಯಲ್ಲಿದ್ದರೆ, ದಣಿದ ಕೈ ಒಮ್ಮೆ ತಪ್ಪಿದರೆ ಸಾಕು. ಅದಕ್ಕೇ ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜಿನಲ್ಲಿ ಇಡಲೇಬಾರದು, ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಇಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲಾರರು. ಇಂಥ ಎಚ್ಚರ ಓದಿದರೆ ಬರುವುದಿಲ್ಲ, ದಿನವೂ ಹಾಗೆಯೇ ಕೆಲಸ ಮಾಡುವ ವಾರ್ಡಿನಲ್ಲಿ ನಿಂತರೆ ಬರುತ್ತದೆ.

ಜ್ವರದ ವಿಷಯವೂ ಹಾಗೇ. ಕೀಮೋ ಆದ ಮೇಲೆ ಬಿಳಿರಕ್ತ ಕಣ ಕುಸಿಯುತ್ತದೆ. ಸೋಂಕಿನ ಜೊತೆ ಹೋರಾಡುವ ಬಿಳಿಕಣವಾದ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿರುವ ಮಗುವಿಗೆ ಜ್ವರ ಬಂದರೆ ಕೀವು ಕಾಣುವುದಿಲ್ಲ, ಊತ ಕಾಣುವುದಿಲ್ಲ, ಜ್ವರ ಒಂದೇ ಸುಳಿವು. ದವಾಖಾನೆ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಇಳಿದಿರಬೇಕು. ಸುರಪುರದ ಮಗುವಿಗೆ ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ತಜ್ಞರು ಬೆಂಗಳೂರಿನಲ್ಲಿದ್ದು ಏನು ಪ್ರಯೋಜನ? ಅವತ್ತು ರಾತ್ರಿ ಸುರಪುರದಲ್ಲೋ ಯಾದಗಿರಿಯಲ್ಲೋ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಇದು ಗೊತ್ತಿರಬೇಕು. ಇನ್ನೊಂದು, ಮೇ ತಿಂಗಳಲ್ಲಿ ನಮ್ಮ ಕಡೆ ಮೈ ಮುಟ್ಟಿ ಜ್ವರ ಹೇಳೋಕೆ ಆಗುತ್ತಾ? ಎಲ್ಲರ ಮೈಯೂ ಕಾದಿರುತ್ತದೆ. ಮನೆಗೆ ಕಳಿಸುವಾಗ ತಾಯಿಯ ಕೈಗೆ ಥರ್ಮಾಮೀಟರ್ ಕೊಟ್ಟು, ಓದೋದನ್ನು ಕಲಿಸಿ, ಅವಳೇ ಎರಡು ಸಲ ನೋಡಿ ಹೇಳುವ ತನಕ ಬಿಡಬಾರದು.

ಅದೇ ರೀತಿ ಗುಳಿಗೆ. ಲ್ಯುಕೇಮಿಯಾದ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತದೆ. ಕೊನೆಯ ದೊಡ್ಡ ಭಾಗ ಮನೆಯಲ್ಲೇ, ಗುಳಿಗೆಯಲ್ಲೇ. ಒಂದು ಗುಳಿಗೆ ದಿನಾ, ಇನ್ನೊಂದು ವಾರಕ್ಕೊಮ್ಮೆ ಮಾತ್ರ. ವಾರದ್ದನ್ನು ದಿನಾ ನುಂಗಿದರೆ ಜೀವಕ್ಕೆ ಅಪಾಯ. ಓದಲು ಬಾರದ ತಾಯಿಗೆ ಚೀಟಿ ಬರೆದುಕೊಟ್ಟು ಏನು ಮಾಡೋದು? ನಾನು ಕೇಳುತ್ತೇನೆ, "ನಿಮ್ಮೂರ ಸಂತಿ ಯಾವತ್ತ್ರೀ ಯವ್ವ?" ಸೋಮವಾರ ಅಂದರೆ, ಅದು ಸಂತಿ ದಿನದ ಗುಳಿಗಿ. ಆಮೇಲೆ ತಪ್ಪುವುದಿಲ್ಲ. ಇದನ್ನು ಯಾವ ಡಿಎಂ ಪಠ್ಯವೂ ಕಲಿಸಲ್ಲ. ಇಲ್ಲಿಯ ಹಾಸಿಗೆ ಪಕ್ಕದಲ್ಲಿ ಕೂತವರಿಗೆ ಬರುವ ವಿದ್ಯೆ. "ಬ್ಯಾನಿ" ಅಂದರೆ ನೋವು ಅಂತ ಗೊತ್ತಿಲ್ಲದ ಡಾಕ್ಟರಿಗೆ ನಮ್ಮ ಕೂಸಿನ ಅರ್ಧ ಕಥೆ ತಪ್ಪಿಹೋಗುತ್ತದೆ.

ಇದೇ ತಜ್ಞರು ರಕ್ತದ ಬೇರೆ ಕಾಯಿಲೆಗಳನ್ನೂ ನೋಡುತ್ತಾರೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಸರಿಯಾದ ರಕ್ತ ತಯಾರಾಗದ ಕಾಯಿಲೆ ಇರುವ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ರಕ್ತ ಹಾಕಿದಷ್ಟೂ ಮೈಯಲ್ಲಿ ಕಬ್ಬಿಣ ಕೂಡುತ್ತದೆ, ಹೃದಯ, ಲಿವರ್ ಹಾಳಾಗುತ್ತವೆ. ಅದನ್ನು ಹೊರಹಾಕುವ ಗುಳಿಗೆಯೂ ದಿನಾ ಬೇಕು. ಇಂಥ ಮಗುವಿಗೆ ಕಬ್ಬಿಣದ ಟಾನಿಕ್ ಬರೆದರೆ ಉರಿಯುವ ಬೆಂಕಿಗೆ ಎಣ್ಣೆ ಹಾಕಿದಂತೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಇದೆ. ಒಂದೇ ಮನೆತನದಲ್ಲಿ ಹರಿದುಬಂದ ದೋಷ ಗಂಡ, ಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ. ಮದುವೆಗೆ ಮೊದಲು ಒಂದು ರಕ್ತ ಪರೀಕ್ಷೆ ಸಾಕು, ತಿಳಿಯುತ್ತದೆ.

ಹಿಮೋಫೀಲಿಯಾ ಇನ್ನೊಂದು. ಹಲ್ಲು ಬಿದ್ದರೆ, ಸುನ್ನತಿ ಮಾಡಿಸಿದರೆ ರಕ್ತ ನಿಲ್ಲುವುದೇ ಇಲ್ಲ. ಮೊಣಕಾಲು ಸುಮ್ನೆ ಊದಿಕೊಳ್ಳುತ್ತದೆ. ನಮ್ಮಲ್ಲಿ ದವಾಖಾನೆಗೆ ಬಂದವರು "ಒಂದು ಸೂಜಿ ಮಾಡ್ರೀ ಸಾಹೇಬ್ರ" ಅಂತ ಕೇಳುತ್ತಾರೆ, ಡಾಕ್ಟರೂ ಕುಂಡೆಗೆ ಚುಚ್ಚಿ ಕಳಿಸುತ್ತಾರೆ. ಹಿಮೋಫೀಲಿಯಾ ಇರುವ ಹುಡುಗನ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ ಒಳಗೇ ರಕ್ತ ತುಂಬಿ ಕಾಲು ಬಿಗಿದುಕೊಳ್ಳುತ್ತದೆ. ಬೇಕಾದ್ದು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್, ಅದೂ ಬೇಗ.

ಈಗ ನಮ್ಮ ಊರಿಗೆ ಬರೋಣ. ಕಲಬುರಗಿ ನಗರವೊಂದರಲ್ಲೇ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ಎಂಆರ್‌ಎಂಸಿ 1963ರಿಂದ ನಡೆಯುತ್ತಿದೆ. ಬೀದರಿನಲ್ಲಿ ಬ್ರಿಮ್ಸ್ ವೈದ್ಯಕೀಯ ಕಾಲೇಜು ಇದೆ, ಯಾದಗಿರಿಯಲ್ಲಿ ಯಿಮ್ಸ್ ಬಂದಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯೂ ಇಲ್ಲಿದೆ. ಸಂವಿಧಾನದ 371(ಜೆ) ಕಲಮಿನಿಂದ ನಮ್ಮ ಭಾಗಕ್ಕೆ ಮೀಸಲಾತಿ ಬಂದ ಮೇಲೆ ನಮ್ಮ ಹಳ್ಳಿಯ ಮಕ್ಕಳು ಎಂಬಿಬಿಎಸ್ ಸೀಟು ಹಿಡಿಯುತ್ತಿದ್ದಾರೆ, ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ಅಷ್ಟಾದರೂ ಮಗುವಿಗೆ ಕ್ಯಾನ್ಸರ್ ಅಂದ ಕೂಡಲೇ ನಮ್ಮ ಜನ ಬಸ್ಸು, ರೈಲು ಹತ್ತುತ್ತಾರೆ. ಬೀದರಿನವರು ಹೈದರಾಬಾದಿಗೆ, ಆಳಂದದವರು ಸೊಲ್ಲಾಪುರ, ಬಾರ್ಶಿಯ ಕಡೆಗೆ, ಉಳಿದವರು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ. ಒಮ್ಮೆ ಹೋಗೋದು ಕಷ್ಟವಲ್ಲ. ಎರಡೂವರೆ ವರ್ಷ ಹೋಗುತ್ತಲೇ ಇರೋದು ಕಷ್ಟ. ತೊಗರಿ ರಾಶಿಯ ಹೊತ್ತಿಗೆ ಎಷ್ಟು ಮಕ್ಕಳ ಚಿಕಿತ್ಸೆ ತಪ್ಪುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆ ಅಪ್ಪ, ಅವ್ವನಿಗೆ ಮಗು ಬೇಡವಾಗಿಲ್ಲ. ರಾಶಿ ಬಿಟ್ಟರೆ ವರ್ಷದ ಅನ್ನ ಹೋಗುತ್ತದೆ.

ಅದಕ್ಕೇ ನಾನು ಕೇಳುವುದು ಇಷ್ಟು. ರೋಗ ಪತ್ತೆ ಹಚ್ಚಿ ಚಿಕಿತ್ಸೆ ಶುರುಮಾಡುವ ಕಠಿಣ ತಿಂಗಳುಗಳು ಬೇಕಾದರೆ ದೊಡ್ಡ ಕೇಂದ್ರದಲ್ಲಿ ಆಗಲಿ. ಮಿಕ್ಕದ್ದು, ರಕ್ತ ಪರೀಕ್ಷೆ, ಗುಳಿಗೆಯ ಡೋಸು ಸರಿಮಾಡೋದು, ಜ್ವರ ಬಂದಾಗ ದಾಖಲು, ರಕ್ತ ಕೊಡೋದು, ಇವೆಲ್ಲ ಇಲ್ಲೇ ಆಗಬೇಕು. ಅದಕ್ಕೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಒಬ್ಬೊಬ್ಬ ಮಕ್ಕಳ ಡಾಕ್ಟರನ್ನು ಮಾತ್ರ ಕಳಿಸಿ ಕಲಿಸಿದರೆ ಸಾಲದು. ಡಾಕ್ಟರ್, ನರ್ಸ್, ಲ್ಯಾಬಿನವರು ಮೂವರೂ ಒಟ್ಟಿಗೆ ಹೋಗಿ, ಒಂದೇ ವಾರ್ಡಿನಲ್ಲಿ ನಿಂತು ಕಲಿತು, ಒಟ್ಟಿಗೆ ವಾಪಸ್ ಬರಬೇಕು. ಒಬ್ಬರೇ ಬಂದರೆ ಆರು ತಿಂಗಳಲ್ಲಿ ಸೋತುಹೋಗುತ್ತಾರೆ. ಆಸ್ಪರಾಜಿನೇಸ್ ಇಡುವ ಫ್ರಿಜ್ಜು ಬೇಸಿಗೆಯಲ್ಲಿ ಕರೆಂಟು ಹೋದಾಗಲೂ 8 ಡಿಗ್ರಿ ದಾಟಬಾರದು ಅಂತ ತಲೆ ಕೆಡಿಸಿಕೊಳ್ಳುವವರು ಇಬ್ಬರಾದರೂ ಬೇಕು.

ಇದು ಆಗದ ಮಾತಲ್ಲ. ಮಧ್ಯ ಅಮೆರಿಕದಲ್ಲಿ ನಿಕರಾಗುವಾ ಅನ್ನುವ ಬಡ ದೇಶ ಇದೆ. 1986ರಲ್ಲಿ ಇಟಲಿಯ ಮೊಂಜಾದ ವೈದ್ಯರು ಅಲ್ಲಿಯ ಮನಾಗುವಾದ ಮಕ್ಕಳ ಆಸ್ಪತ್ರೆಯ ಜೊತೆ ಕೈಜೋಡಿಸಿದರು. ಅಲ್ಲಿಯ ಡಾಕ್ಟರು, ನರ್ಸುಗಳಿಗೇ ಕಲಿಸಿದರು, ಸಂಬಂಧ ಬಿಡದೆ ವರ್ಷಗಟ್ಟಲೆ ಜೊತೆಗೆ ನಿಂತರು. ಅದೇ ಮಧ್ಯ ಅಮೆರಿಕದ ಗ್ವಾಟೆಮಾಲಾ ಈಗ ಸುತ್ತಲಿನ ದೇಶಗಳ ವೈದ್ಯರಿಗೂ ತನ್ನಲ್ಲೇ ಈ ತರಬೇತಿ ಕೊಡುತ್ತದೆ. ಬೆಂಗಳೂರಿನ ಒಂದು ದೊಡ್ಡ ವಿಭಾಗ ಕಲಬುರಗಿಯ ಒಂದು ವಾರ್ಡಿನ ಕೈ ಹಿಡಿಯೋಕೆ ಯಾವ ಸಮುದ್ರವೂ ಅಡ್ಡ ಇಲ್ಲ.

ಮಾತು ಮುಗಿಸಿದ ಮೇಲೆ ಇಂಟರ್ನ್ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಸರ್, ಅಷ್ಟು ವರ್ಷ ಓದಿ ನಾನು ಇಲ್ಲಿಗೇ ಬಂದರೆ, ಆ ಹೆಸರಿನ ಹುದ್ದೆ ಇಲ್ಲಿ ಇರುತ್ತಾ?" ಸರಿಯಾದ ಪ್ರಶ್ನೆ. ಹುದ್ದೆ ಇಲ್ಲದ ಕಡೆ ತಜ್ಞರು ವಾಪಸ್ ಬಂದರೂ ಸಾಮಾನ್ಯ ಒಪಿಡಿಯಲ್ಲಿ ಕೆಮ್ಮು, ನೆಗಡಿ ನೋಡುತ್ತಾ ಕೂರುತ್ತಾರೆ, ಕಲಿತ ಕೈ ಜಡವಾಗುತ್ತದೆ. ಡಿಎಂ ಸೀಟಿಗೆ ಇಡೀ ದೇಶದ ಪರೀಕ್ಷೆ ಇದೆ, ಅದು ನಮ್ಮ ಕೈಯಲ್ಲಿಲ್ಲ. ಆದರೆ ಹುದ್ದೆ ಮಂಜೂರು ಮಾಡಿಸೋದು, ಆರು ಹಾಸಿಗೆಯ ಬೇರೆ ಕೋಣೆ ಮಾಡಿಸೋದು ನಮ್ಮ ಭಾಗದ ಕೈಯಲ್ಲಿದೆ. ಅದನ್ನು ಕೇಳುವ ಅರ್ಜಿಗೆ ಇವತ್ತು ಬಾಗಿಲ ಹತ್ತಿರ ಸಹಿ ತೆಗೆದುಕೊಳ್ಳುತ್ತಿದ್ದಾರೆ. ನಾನು ಮೊದಲ ಸಹಿ ಹಾಕಿಯೇ ಒಳಗೆ ಬಂದಿದ್ದೇನೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು. "ಯಪ್ಪಾ, ಕಾಲ್ ಬ್ಯಾನಿ ಅಂದ್ರ ಎಲ್ಲಾ ಅದೇ ರೋಗ ಏನು?"

ಅಲ್ಲಮ್ಮ, ಅಂದೆ. ಮಕ್ಕಳ ಕಾಲುನೋವು ಬಹುಪಾಲು ಆಡಿ, ಓಡಿ ಬಂದದ್ದೇ. ಬೆಳಿಗ್ಗೆ ಎದ್ದು ಮತ್ತೆ ಓಡಿದರೆ ಚಿಂತೆ ಬೇಡ. ಆದರೆ ನೋವಿನ ಜೊತೆ ಬಿಡದ ಜ್ವರ ಇದ್ದರೆ, ಮುಖ ಬಿಳಿಚಿಕೊಂಡಿದ್ದರೆ, ಪೆಟ್ಟು ಬೀಳದೆ ಮೈಮೇಲೆ ನೀಲಿ ಕಲೆ ಎದ್ದರೆ, ಕುತ್ತಿಗೆಯಲ್ಲಿ ಗಂಟು ಉಳಿದರೆ, ಓಡಾಡುತ್ತಿದ್ದ ಕೂಸು ಎತ್ತಿಕೋ ಅಂತ ಹಟ ಮಾಡಿದರೆ, ಟಾನಿಕ್ ಬೇಡ, ಸೂಜಿಯೂ ಬೇಡ. ರಕ್ತ ಪರೀಕ್ಷೆ ಮಾಡಿಸಿ, ಜೊತೆಗೆ ಸ್ಮಿಯರ್, ಅಂದರೆ ಗಾಜಿನ ಮೇಲೆ ಹರಡಿದ ರಕ್ತದ ಹನಿ, ಅದನ್ನೂ ನೋಡ್ರಿ ಅಂತ ಕೇಳಿ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ನನ್ನ ಮೊಮ್ಮಗ ಎಂಟು ದಿನದಿಂದ ಎತ್ಗೋ ಅಂತಾನ್ರೀ" ಅಂದರು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕರ್ಕೊಂಡು ಬನ್ನಿ, ನಾನೇ ಇರ್ತೀನಿ ಅಂದೆ.